ಹಸುಗೂಸಿನ ಸಂಜೆಯ ಅಳು

ಮೂವತ್ತನಾಲ್ಕು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆ ಅವಧಿಯಲ್ಲಿ ಬಹುಮಟ್ಟಿಗೆ ನನ್ನ ಪಾಲಿಗೆ ಬಂದದ್ದು ಕಾವ್ಯಮೀಮಾಂಸೆ. ಕಾವ್ಯದ ಆತ್ಮ ಧ್ವನಿಯೆಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಸಾಧಿಸಿದನಷ್ಟೆ. ಮಾತಿಗೆ ನೇರವಾದ ಅರ್ಥವೊಂದಿರುತ್ತದೆ, ಅದು ವಾಚ್ಯ. ಅದರ ಹಿಂದಿನಿಂದ ಹೊಳೆಯುವ ಅರ್ಥ ಮತ್ತೊಂದಿರುತ್ತದೆ, ಅದು ಧ್ವನಿ. ಇದನ್ನು ವಿದ್ಯಾರ್ಥಿಗಳಿಗೆ ಎಷ್ಟು ಬಾರಿ ವಿವರಿಸಿದ್ದೇನೆಯೋ ಲೆಕ್ಕವಿಲ್ಲ. ಆದರೆ ವಾಚ್ಯಾರ್ಥದ ಲವಲೇಶವೂ ಇಲ್ಲದೆ ಬರಿಯ ಧ್ವನಿಯೇ ಆಗಿರುವ ಒಂದು ರಚನೆಯನ್ನು ನಾನು ಕೇಳಿದ್ದು ಕಳೆದ ವರ್ಷ, ತುಮಕೂರಿನ ನಮ್ಮ ಮನೆಯಲ್ಲಿ. ಅದು ಮೂರು ವಾರದ ನನ್ನ ಮೊಮ್ಮಗಳ ಅಳು.

ಮಗಳು ಬಾಣಂತನಕ್ಕೆ ಬಂದಿದ್ದಳು. ಮೊದಲ ಎರಡು ವಾರ ಮಗು ಉಂಡು ಮಲಗಿ ಎಲ್ಲರಿಂದಲೂ ‘ಎಂಥ ಸಾಧು ಕೂಸು’ ಎಂಬ ಬಿರುದನ್ನು ಪಡೆಯಿತು. ಮೂರನೆಯ ವಾರದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಅಳು ಮೊದಲಾಯಿತು. ಮುಖ ಕೆಂಪೇರಿತು, ಮುಷ್ಟಿ ಬಿಗಿಯಿತು, ಮೊಣಕಾಲುಗಳು ಹೊಟ್ಟೆಯತ್ತ ಮಡಿಸಿಕೊಂಡವು, ಹೊಟ್ಟೆ ಮೃದಂಗದ ಹಾಗೆ ಬಿಗಿಯಾಯಿತು. ನಡುನಡುವೆ ಒಂದಿಷ್ಟು ವಾಯು ಹೋದರೆ ಗಳಿಗೆ ಹೊತ್ತು ನಿಶ್ಶಬ್ದ, ಮತ್ತೆ ಅದೇ ರಾಗ. ಎಂಟೂವರೆಗೆ ನಿಂತೀತೆಂದರೆ ಹತ್ತಾಯಿತು, ಹನ್ನೊಂದಾಯಿತು. ಮರುದಿನ ಸಂಜೆ ಅದೇ ವೇಳೆಗೆ ಪುನಃ ಪ್ರಾರಂಭ. ನಾನು ಗುಬ್ಬಿ ಸೀಮೆಯವನು. 1884ರಲ್ಲಿ ಹುಟ್ಟಿ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯ ಊರು ಅದು. ರಾತ್ರಿಯೆಲ್ಲ ನಡೆಯುವ ನಾಟಕಗಳ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆದರೂ ಈ ಏಕಪಾತ್ರಾಭಿನಯ ನಮ್ಮನ್ನು ನಾಲ್ಕೇ ದಿನಗಳಲ್ಲಿ ಹಣ್ಣು ಮಾಡಿತು.

ವ್ಯಾಖ್ಯಾನಕಾರರಿಗೇನೂ ಕೊರತೆಯಾಗಲಿಲ್ಲ. ಎದುರುಮನೆಯವರು ದೃಷ್ಟಿಯೆಂದರು. ಹಿಂದಿನ ಬೀದಿಯ ಹಿರಿಯರೊಬ್ಬರು ಬಾಲಗ್ರಹವೆಂದರು. ಹಾಲು ಸಾಲದೆಂದು ಒಬ್ಬರು, ಹಾಲು ಹೆಚ್ಚಾಯಿತೆಂದು ಇನ್ನೊಬ್ಬರು. ಆದರೆ ಬಂದವರೆಲ್ಲ ಮೊದಲು ಕೇಳಿದ ಪ್ರಶ್ನೆ ಒಂದೇ, ಅದನ್ನು ಕೇಳಿದ್ದು ನನ್ನ ಮಗಳನ್ನು: “ನೀನು ಏನು ತಿಂದೆ?” ಬೇಳೆ ತಿಂದೆಯಾ, ಆಲೂಗೆಡ್ಡೆ ತಿಂದೆಯಾ, ತಣ್ಣೀರು ಕುಡಿದೆಯಾ? ಮಗುವಿನ ಹೊಟ್ಟೆಯ ಅಪರಾಧಕ್ಕೆ ತಾಯಿಯ ನಾಲಗೆಯ ವಿಚಾರಣೆ. ಈ ಪ್ರಶ್ನೆಯನ್ನು ಕುರಿತೇ ಇಂದು ನಾನು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಅದಕ್ಕೆ ಮುನ್ನ ಅಳುವಿನ ಸ್ವರೂಪವನ್ನಷ್ಟು ತಿಳಿಯುವುದು ಒಳ್ಳೆಯದು.

ಮಾತು ಬಾರದ ಮಗುವಿನ ನೋವನ್ನು ಓದಬೇಕೆಂಬ ಹಂಬಲ ನಮ್ಮಲ್ಲಿ ಬಹು ಹಳೆಯದು. ಮಕ್ಕಳ ವೈದ್ಯಕ್ಕೆಂದೇ ಮೀಸಲಾದ ‘ಕಾಶ್ಯಪ ಸಂಹಿತೆ’ ಎಂಬ ಆಯುರ್ವೇದ ಗ್ರಂಥ ನೇಪಾಳದ ತಾಳೆಗರಿಗಳಲ್ಲಿ ದೊರೆತು 1938ರಲ್ಲಿ ಅಚ್ಚಾಯಿತು. ಅದರಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವಿದೆ. ತಲೆನೋವಾದರೆ ಮಗು ಏನು ಮಾಡುತ್ತದೆ, ಕಿವಿನೋವಾದರೆ ಏನು ಮಾಡುತ್ತದೆ ಎಂದು ಒಂದೊಂದು ವೇದನೆಗೂ ಅಲ್ಲಿ ಲಕ್ಷಣ ಹೇಳಿದೆ. ಹೊಟ್ಟೆಶೂಲೆಯ ಮಗು ಮೊಲೆಯನ್ನು ಒಲ್ಲದೆ ತಳ್ಳುವುದು, ಅಳುವುದು, ಹೊಟ್ಟೆ ಬಿಗಿಯುವುದು, ಮುಖ ಬೆವರುವುದು, ಇವೆಲ್ಲ ಅದರಲ್ಲಿ ಬಂದಿವೆ. ತೊಟ್ಟಿಲ ಬಳಿ ಬಹಳ ಹೊತ್ತು ಕೂತು ನೋಡಿದವರಲ್ಲದೆ ಬೇರೆಯವರು ಬರೆಯಲಾರದ ಅಧ್ಯಾಯ ಅದು.

ಈ ಕಾಲದ ವೈದ್ಯಶಾಸ್ತ್ರ ಈ ಸಂಜೆಯ ಅಳುವನ್ನು ‘ಕಾಲಿಕ್’ ಎಂದು ಕರೆಯುತ್ತದೆ. ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ 1954ರಲ್ಲಿ ಇದಕ್ಕೊಂದು ಸುಲಭವಾದ ಸೂತ್ರ ಕೊಟ್ಟರು: ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿರುವ ಆರೋಗ್ಯವಂತ ಮಗು, ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರಕ್ಕೆ ಮೂರು ದಿನಕ್ಕೂ ಹೆಚ್ಚು, ಮೂರು ವಾರಕ್ಕೂ ಹೆಚ್ಚು ಕಾಲ ಅಳುತ್ತಿದ್ದರೆ ಅದು ಕಾಲಿಕ್. ಸುಮಾರು ಐದರಲ್ಲೊಂದು ಮಗುವಿಗೆ ಇದು ಬರುತ್ತದೆ. ಅದೇ ದೇಶದ ಬ್ರೇಜಲ್ಟನ್ ಎಂಬ ವೈದ್ಯರು ಎಂಬತ್ತು ಆರೋಗ್ಯವಂತ ಕೂಸುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಯಿಸಿ 1962ರಲ್ಲಿ ಪ್ರಕಟಿಸಿದರು. ಹುಟ್ಟಿದ ಎರಡನೆಯ ವಾರದಿಂದ ಏರುತ್ತ ಹೋದ ಅಳು ಆರನೆಯ ವಾರದಲ್ಲಿ ದಿನಕ್ಕೆ ಎರಡೂ ಮುಕ್ಕಾಲು ಗಂಟೆಯಷ್ಟಾಗಿ, ಅಲ್ಲಿಂದ ಇಳಿದು, ಹನ್ನೆರಡನೆಯ ವಾರಕ್ಕೆ ತೀರ ಕಡಿಮೆಯಾಗಿತ್ತು. ಹೆಚ್ಚಿನ ಅಳುವೆಲ್ಲ ಸಂಜೆಯ ಹೊತ್ತಿನದೇ. ಎಂದರೆ, ಎಲ್ಲ ಮಕ್ಕಳೂ ಈ ಬೆಟ್ಟವನ್ನು ಹತ್ತಿ ಇಳಿಯುತ್ತವೆ. ಕೆಲವು ಮಕ್ಕಳ ಬೆಟ್ಟ ಎತ್ತರ, ಅಷ್ಟೆ.

ಹಾಗಾದರೆ ಕಾರಣವೇನು? ವಾಯು ಎಂದು ನಾವೆಲ್ಲ ನಂಬಿದ್ದೇವೆ. ಮಗು ಹಾಲಿನೊಡನೆ ಗಾಳಿಯನ್ನೂ ನುಂಗುತ್ತದೆಂಬುದು ನಿಜ. ತೇಗಿಸಿದರೆ ಹಗುರಾಗುವುದೂ ನಿಜ. ಆದರೆ ಕಾಲಿಕ್ಕಿಗೆ ವಾಯುವೇ ಮೂಲವೆಂದು ಇದುವರೆಗೂ ಸಿದ್ಧಪಟ್ಟಿಲ್ಲ. ಅಳುವಾಗ ಮಗು ಇನ್ನಷ್ಟು ಗಾಳಿ ನುಂಗುತ್ತದೆ. ಆದ್ದರಿಂದ ವಾಯುವಿನಿಂದ ಅಳುವೋ ಅಳುವಿನಿಂದ ವಾಯುವೋ ಎಂಬುದು ಬೀಜವೃಕ್ಷನ್ಯಾಯ. ಹೊಟ್ಟೆಯ ವಾಯುವನ್ನು ಒಡೆಯುವುದೆಂದು ಕೊಡುವ ಸಿಮೆಥಿಕೋನ್ ಹನಿಗಳನ್ನು 1994ರಲ್ಲಿ ಪರೀಕ್ಷಿಸಿ ನೋಡಿದಾಗ, ಔಷಧವಿಲ್ಲದ ಹುಸಿ ಹನಿಗಳಿಗಿಂತ ಅವು ಹೆಚ್ಚೇನೂ ಕೆಲಸ ಮಾಡಲಿಲ್ಲ. ಕರುಳಿನ್ನೂ ಪಳಗಿಲ್ಲ, ಮಿದುಳಿನ್ನೂ ಹಗಲಿನ ಗದ್ದಲವನ್ನು ತಾಳುವಷ್ಟು ಬಲಿತಿಲ್ಲ ಎಂದು ಮುಂತಾಗಿ ಊಹೆಗಳಿವೆ. ತನಗೆ ತಾನೇ ಬಂದು, ಮೂರು ನಾಲ್ಕು ತಿಂಗಳಿಗೆ ತನಗೆ ತಾನೇ ಹೋಗುತ್ತದೆಂಬುದೊಂದೇ ನಿಶ್ಚಯ.

ಈ ನಿಶ್ಚಯದಲ್ಲಿಯೇ ಒಂದು ದೊಡ್ಡ ಮೋಸ ಅಡಗಿದೆ. ಅದನ್ನು ನನ್ನ ಮೈಯ ಮೇಲಿನ ಸಾಕ್ಷಿಯಿಂದಲೇ ಹೇಳುತ್ತೇನೆ. ನನ್ನ ಹೊಟ್ಟೆಯ ಮೇಲೆ, ಹೊಕ್ಕುಳಿನ ಎರಡು ಪಕ್ಕದಲ್ಲಿ, ಕಡಲೆಕಾಳಿನ ಗಾತ್ರದ ಎರಡು ಗುಂಡು ಮಚ್ಚೆಗಳಿವೆ. ಹುಟ್ಟುಮಚ್ಚೆಗಳಲ್ಲ, ಚಟಿಕೆಯ ಕಲೆಗಳು. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಾನು ಎರಡೂವರೆ ತಿಂಗಳ ಕೂಸಾಗಿದ್ದಾಗ ಸಂಜೆಯಾದರೆ ಬಿಡದೆ ಅಳುತ್ತಿದ್ದೆನಂತೆ. ಇಂಗು ಹಚ್ಚಿದ್ದಾಯಿತು, ಬಜೆ ತೇಯ್ದು ನೆಕ್ಕಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಕೊನೆಗೆ ಅಜ್ಜಿ ಕಾದ ಕಬ್ಬಿಣದಿಂದ ಚಟಿಕೆ ಹಾಕಿಸಿದಳು. ಹತ್ತು ಹನ್ನೆರಡು ದಿನಗಳಲ್ಲಿ ಅಳು ನಿಂತಿತು. “ಚಟಿಕೆ ಹಾಕಿಸದಿದ್ರೆ ನೀನು ಉಳೀತಿರಲಿಲ್ಲ ಕಣೋ ಮಗಾ” ಎಂದು ಅಜ್ಜಿ ತನ್ನ ಕೊನೆಗಾಲದವರೆಗೂ ಹೇಳುತ್ತಿದ್ದಳು. ಹೇಳುವಾಗ ಆ ಕಲೆಗಳನ್ನು ಬೆರಳಿನಿಂದ ಸವರುತ್ತಿದ್ದಳು. ಅವಳ ಪ್ರೀತಿಯಲ್ಲಿ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ.

ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಎರಡೂವರೆ ತಿಂಗಳೆಂದರೆ ಸುಮಾರು ಹನ್ನೊಂದನೆಯ ವಾರ. ಹನ್ನೆರಡನೆಯ ವಾರಕ್ಕೆ ಅಳು ಹೇಗೂ ನಿಲ್ಲುತ್ತಿತ್ತು. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ, ಹಣ್ಣನ್ನು ಬೀಳಿಸಿದ್ದು ಕಾಗೆಯೇ ಎಂದು ಹೇಳುವುದುಂಟು. ನಮ್ಮ ಶಾಸ್ತ್ರಕಾರರು ಇದನ್ನು ಕಾಕತಾಳೀಯವೆಂದರು. ಹಸುಗೂಸಿನ ಅಳುವಿನ ಚಿಕಿತ್ಸೆಯ ಚರಿತ್ರೆಯೆಲ್ಲ ಕಾಕತಾಳೀಯದ ಚರಿತ್ರೆ. ಆರನೆಯ ವಾರದಲ್ಲಿ ಕೊಟ್ಟ ಔಷಧ ಸೋಲುತ್ತದೆ. ಹನ್ನೊಂದನೆಯ ವಾರದಲ್ಲಿ ಕೊಟ್ಟದ್ದು, ಅದು ಏನೇ ಆಗಿರಲಿ, ಗೆಲ್ಲುತ್ತದೆ. ಗೆದ್ದದ್ದು ಮನೆಯ ಮದ್ದಾಗಿ ಮುಂದಿನ ತಲೆಮಾರಿಗೆ ಸಾಗುತ್ತದೆ. ಅದು ಇಂಗಾದರೆ ಚಿಂತೆಯಿಲ್ಲ. ಕಾದ ಕಬ್ಬಿಣವಾದರೆ, ಸುಟ್ಟ ಗಾಯ ಕೀತು ನಂಜೇರಿ ಮಗುವಿನ ಪ್ರಾಣಕ್ಕೇ ಎರವಾಗಬಹುದು. ನಮ್ಮ ನಾಡಿನ ಕೆಲವು ಕಡೆ ಇದು ಇನ್ನೂ ನಿಂತಿಲ್ಲವೆಂಬುದು ನಾಚಿಕೆಯ ಮಾತು.

ಹಳ್ಳಿಯವರನ್ನು ಹೀಗೆಳೆಯುವುದಕ್ಕಾಗಿ ನಾನು ಈ ಮಾತನ್ನು ಹೇಳುತ್ತಿಲ್ಲ. ಪಟ್ಟಣದ ವಿದ್ಯಾವಂತರ ಮನೆಯ ಬೀರುವಿನಲ್ಲಿ ಗ್ರೈಪ್ ವಾಟರಿನ ಸೀಸೆಯಿರುತ್ತದಲ್ಲ, ಅದರ ಕಥೆಯೂ ಕುತೂಹಲಕರವಾದದ್ದೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ಅದನ್ನು ಮಾರಾಟಕ್ಕಿಟ್ಟ. ಸಬ್ಬಸಿಗೆಯ ಎಣ್ಣೆ, ಅಡಿಗೆ ಸೋಡ, ಸಕ್ಕರೆ, ನೀರು, ಇವುಗಳ ಜೊತೆಗೆ ಅದರಲ್ಲಿ ನೂರಕ್ಕೆ 3.6 ಭಾಗ ಮದ್ಯಸಾರವೂ ಇತ್ತು. ತಲೆಮಾರುಗಳ ಕಾಲ ಇಂಗ್ಲೆಂಡಿನ ಶಿಶುಗಳು ಇದನ್ನು ಕುಡಿದು ಸುಮ್ಮನಾದದ್ದರಲ್ಲಿ ಸಬ್ಬಸಿಗೆಯ ಪಾಲೆಷ್ಟು, ಮದ್ಯದ ಪಾಲೆಷ್ಟು ಎಂಬುದನ್ನು ನೀವೇ ಊಹಿಸಿ. ಬ್ರಿಟನ್ನಿನಲ್ಲಿ ಆ ಮದ್ಯಸಾರವನ್ನು ಪೂರ್ತಿಯಾಗಿ ತೆಗೆದದ್ದು 1992ರಲ್ಲಿ. ಈಗಿನ ಸೀಸೆಗಳಲ್ಲಿ ಅದಿಲ್ಲವೆಂಬುದು ಸಮಾಧಾನ. ಆದರೂ ಕಾಲಿಕ್ಕನ್ನು ಅದು ಗುಣಪಡಿಸುತ್ತದೆಂಬುದಕ್ಕೆ ಆಧಾರವಿಲ್ಲ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲಲ್ಲದೆ ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ಬೆಳೆದು ಮೈಯನ್ನೇ ಸೆಟೆಯಲಾಗದಂತೆ ಸಡಿಲಿಸುವ ವಿಷವನ್ನು ಬಿಡುತ್ತದೆ. ಬಾಯಿಗೆ, ಮೂಗಿಗೆ ಎಣ್ಣೆ ಬಿಡುವುದೂ ಸಲ್ಲದು; ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಇಷ್ಟೆಲ್ಲ ಬೇಡ ಬೇಡವೆಂದರೆ ಬೇಕಾದದ್ದೇನು ಎಂದು ನೀವು ಕೇಳಬಹುದು. ಹಾಲು ಕುಡಿಸಿದ ಮೇಲೆ ಮಗುವನ್ನು ನೆಟ್ಟಗೆ ಹೆಗಲಿಗೆ ಹಾಕಿಕೊಂಡು ಬೆನ್ನನ್ನು ಮೆಲ್ಲನೆ ಸವರುವುದು ಅಥವಾ ತಟ್ಟುವುದು. ತೇಗು ಬರುವವರೆಗೆ ಐದು ಹತ್ತು ನಿಮಿಷದ ತಾಳ್ಮೆ. ತೊಡೆಯ ಮೇಲೆ ಕೂರಿಸಿ, ಗಲ್ಲವನ್ನೂ ಎದೆಯನ್ನೂ ಒಂದು ಅಂಗೈಯಿಂದ ಆನಿಸಿಕೊಂಡು ಸ್ವಲ್ಪ ಮುಂದಕ್ಕೆ ಬಾಗಿಸುವುದು ಇನ್ನೊಂದು ಕ್ರಮ. ಮುಂಗೈಯ ಉದ್ದಕ್ಕೆ ಬೋರಲಾಗಿ, ಕೊಂಬೆಯ ಮೇಲೆ ಮಲಗಿದ ಬೆಕ್ಕಿನ ಮರಿಯ ಹಾಗೆ ಮಲಗಿಸಿಕೊಂಡು ತಿರುಗಾಡಿದರೆ ಕೆಲವು ಮಕ್ಕಳಿಗೆ ಹಿತವಾಗುತ್ತದೆ. ಬೆಚ್ಚಗಿನ ಅಂಗೈಯಿಂದ ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸವರುವುದು, ಏಕೆಂದರೆ ದೊಡ್ಡ ಕರುಳು ಸಾಗುವ ದಿಕ್ಕೂ ಅದೇ. ಕಾಲುಗಳನ್ನು ಸೈಕಲ್ ತುಳಿಸುವಂತೆ ಮೆಲ್ಲನೆ ಮಡಿಸಿ ನೀಡುವುದು. ಬೆಚ್ಚನೆಯ ನೀರು ಎರೆಯುವುದು. ದೀಪ ತಗ್ಗಿಸಿ, ಬಂದವರ ಗದ್ದಲ ತಗ್ಗಿಸಿ, ಒಂದೇ ಲಯದಲ್ಲಿ ತೂಗುತ್ತ ಜೋಗುಳ ಹಾಡುವುದು. ನಿದ್ದೆ ಬಂದ ಮೇಲೆ ಮಾತ್ರ ಮಗುವನ್ನು ಅಂಗಾತವಾಗಿಯೇ ಮಲಗಿಸಬೇಕು, ಬೋರಲಾಗಿ ಅಲ್ಲ.

ಎಲ್ಲ ಅಳುವೂ ಕಾಲಿಕ್ ಅಲ್ಲವೆಂಬುದನ್ನೂ ಹೇಳಿಬಿಡಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರವಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹಾಲನ್ನೇ ಒಲ್ಲದೆ ಸೊರಗಿ ಮಂಕಾದರೆ, ತೊಡೆಸಂದಿನಲ್ಲಿ ಗಟ್ಟಿಯಾದ ಗಂಟು ಎದ್ದರೆ, ತೂಕ ಏರದಿದ್ದರೆ, ಆಗ ಅಜ್ಜಿಯನ್ನೂ ಕೇಳಬಾರದು, ಪ್ರೊಫೆಸರನ್ನೂ ಕೇಳಬಾರದು. ಅದೇ ಗಳಿಗೆಗೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಮೊಮ್ಮಗಳಿಗೆ ಇವಾವುವೂ ಇರಲಿಲ್ಲ. ನೋಡಿದ ಡಾಕ್ಟರು, ಆಕೆ ನನ್ನ ಮಗಳ ವಯಸ್ಸಿನವರೇ, ಮಗುವನ್ನು ತೂಗಿ, ಹೊಟ್ಟೆ ಮುಟ್ಟಿ ನೋಡಿ ಚೀಟಿಯಲ್ಲಿ ಏನನ್ನೂ ಬರೆಯಲಿಲ್ಲ. ಬದಲಿಗೆ ನನ್ನ ಮಗಳ ಮುಖವನ್ನು ದಿಟ್ಟಿಸಿ, “ನೀವು ನಿನ್ನೆ ಎಷ್ಟು ಹೊತ್ತು ಮಲಗಿದ್ರಿ?” ಎಂದು ಕೇಳಿದರು. ಮಗಳು ಉತ್ತರ ಹೇಳಲು ಹೋಗಿ ಅತ್ತುಬಿಟ್ಟಳು.

ಆ ಪ್ರಶ್ನೆ ನನ್ನನ್ನು ಮೂವತ್ತೈದು ವರ್ಷ ಹಿಂದಕ್ಕೆ, ಕುಣಿಗಲ್ಲಿಗೆ ಕರೆದೊಯ್ದಿತು. 1990ರಲ್ಲಿ ನಾನು ಅಲ್ಲಿ ಅಧ್ಯಾಪಕನಾಗಿದ್ದೆ. ಈಗ ತಾಯಿಯಾಗಿರುವ ಈ ಮಗಳು ಆಗ ಒಂದೂವರೆ ತಿಂಗಳ ಕೂಸು. ನನ್ನ ಹೆಂಡತಿಗೆ ತಾಯಿಯಿರಲಿಲ್ಲವಾದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು. ನನ್ನ ತಾಯಿ ಬಂದು ತಿಂಗಳಿದ್ದು, ರಾಗಿ ಕೊಯ್ಲಿನ ಕಾಲವೆಂದು ಊರಿಗೆ ಹೊರಟುಹೋದಳು. ಮಗುವಿಗೆ ವಾಯುವಾಗುತ್ತದೆಂದು ಬಾಣಂತಿಗೆ ಅವಳು ವಿಧಿಸಿಹೋದ ಪಥ್ಯವೆಂದರೆ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ತರಕಾರಿಯಿಲ್ಲ, ಬೇಳೆಯಿಲ್ಲ, ಹಣ್ಣಿಲ್ಲ, ನೀರೂ ಅಳತೆಯದು. ತಾಯಿಯ ಹೊಟ್ಟೆಯ ವಾಯು ಹಾಲಿಗೆ ಇಳಿಯುವ ದಾರಿಯೇ ದೇಹದಲ್ಲಿಲ್ಲ. ತಾಯಿ ಕುಡಿದ ಹಸುವಿನ ಹಾಲಿನ ಅಂಶ ಕೆಲವೇ ಕೆಲವು ಮಕ್ಕಳಿಗೆ ಒಗ್ಗದಿರುವುದುಂಟು. ಅದನ್ನು ವೈದ್ಯರು ನೋಡಿ ಹೇಳಬೇಕು. ಅಷ್ಟು ಬಿಟ್ಟರೆ ಈ ಪಥ್ಯದಿಂದ ಮಗುವಿನ ಅಳು ನಿಲ್ಲುವುದಿಲ್ಲ, ತಾಯಿ ಸೊರಗುತ್ತಾಳೆ. ಇದು ನನಗೆ ಆಗ ತಿಳಿದಿರಲಿಲ್ಲ. ತಿಳಿಯುವ ಪ್ರಯತ್ನವನ್ನೂ ನಾನು ಮಾಡಲಿಲ್ಲ.

ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇರುತ್ತಿತ್ತು. ಸಂಜೆ ಅಳು ಮೊದಲಾದರೆ ನಾನು ಕೋಣೆಯೊಳಗಿಂದಲೇ, “ಒಂದು ಮಗೂನ ಸುಮ್ಮನಿರಿಸೋಕೂ ಬರೋದಿಲ್ಲವೇ ನಿನಗೆ? ಏನು ತಿಂದೆ ಇವತ್ತು?” ಎಂದು ಕೇಳುತ್ತಿದ್ದೆ. ಹೌದು, ಆ ಪ್ರಶ್ನೆಯನ್ನು ನಾನೂ ಕೇಳಿದ್ದೇನೆ. ಅಳುವ ಮಗುವಿನ ಮುಖದಲ್ಲೂ ಚೆಲುವನ್ನು ಕಂಡ ಗರತಿಯರ ಹಾಡುಗಳನ್ನು ಹಗಲು ತರಗತಿಯಲ್ಲಿ ಹೊಗಳಿ ಪಾಠ ಹೇಳಿ ಬಂದವನು ರಾತ್ರಿ ಹೀಗೆ ಕೇಳುತ್ತಿದ್ದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮುದುಕರಿದ್ದರು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದು ವಿಶ್ರಾಂತರಾದವರು. ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ಸಂಕೋಚದಿಂದ, “ಮೇಷ್ಟ್ರೇ, ಮಗೂನ ಒಂದು ಗಳಿಗೆ ನನ್ನ ಕೈಗೆ ಕೊಡಿಸ್ತೀರಾ?” ಎಂದರು. ಶಾಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಒಂದೂವರೆ ಗಂಟೆ ನಡೆದರು. ನಾನು ಜೊತೆಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಕುದುರೆಗೂ ಹೀಗೆ ಹೊಟ್ಟೆಶೂಲೆ ಬರುತ್ತದೆಂದೂ, ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ ಅದು ಪ್ರಾಣಾಂತಿಕವಾಗಬಹುದೆಂದೂ, ನೆಲಕ್ಕೆ ಬಿದ್ದು ಹೊರಳದಂತೆ ಅದನ್ನು ಹಿಡಿದು ನಡೆಸುತ್ತಾರೆಂದೂ ಅವರಿಂದಲೇ ತಿಳಿಯಿತು. “ಔಷಧಿ ಡಾಕ್ಟ್ರು ಕೊಡ್ತಾರೆ ಮೇಷ್ಟ್ರೇ. ಆದ್ರೆ ರಾತ್ರಿಯೆಲ್ಲಾ ಜತೇಲಿ ನಡೆಯೋನು ಒಬ್ಬ ಬೇರೆ ಬೇಕಲ್ಲ” ಎಂದರು.

ಮಗುವಿನ ಅಳು ಆ ದಿನ ನಿಂತಿತೆ? ಇಲ್ಲ. ಅವರ ಹೆಗಲ ಮೇಲೆಯೂ ಅದು ಅಳುತ್ತಲೇ ಇತ್ತು. ನಾನು ಮನಸ್ಸಿನಲ್ಲಿ, ಮುದುಕರ ವಿದ್ಯೆ ಕುದುರೆಗೇ ಸರಿ ಎಂದುಕೊಂಡೆ. ಎತ್ತಿಕೊಂಡು ತಿರುಗುವುದರ ಫಲವನ್ನು ಕುರಿತು ಕೆನಡದ ಮಾಂಟ್ರಿಯಲ್ ನಗರದಲ್ಲಿ ನಡೆದ ಎರಡು ಪ್ರಯೋಗಗಳನ್ನು ಈಚೆಗೆ ಓದಿದೆ. ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಸಾಮಾನ್ಯ ಕೂಸುಗಳ ಅಳು ಆರನೆಯ ವಾರದಲ್ಲಿ ನೂರಕ್ಕೆ 43ರಷ್ಟು ಕಡಿಮೆಯಿತ್ತೆಂದು 1986ರ ಪ್ರಯೋಗ ಹೇಳಿತು. ಆದರೆ ಆಗಲೇ ಕಾಲಿಕ್ ಹಿಡಿದ ಕೂಸುಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲವೆಂದು 1991ರ ಪ್ರಯೋಗ ಹೇಳಿತು. ಎಂದರೆ, ಮುದುಕರ ನಡಿಗೆಯಿಂದ ಮಗುವಿಗೆ ಗುಣವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಒಂದೂವರೆ ಗಂಟೆ ನನ್ನ ಹೆಂಡತಿ ನಿದ್ದೆ ಮಾಡಿದ್ದಳು. ಹಿಂತಿರುಗಿ ಬಂದಾಗ ಗೋಡೆಗೆ ಒರಗಿ, ತಲೆಯ ಸೆರಗು ಜಾರಿದ್ದೂ ಅರಿವಿಲ್ಲದೆ ಮಲಗಿದ್ದಳು. ಮುದುಕರು ನಡೆದದ್ದು ಯಾರಿಗಾಗಿ ಎಂಬುದು ನನಗೆ ಅಂದು ಹೊಳೆಯಲಿಲ್ಲ.

ಅದು ಹೊಳೆದದ್ದು ಕಳೆದ ವರ್ಷ. ಆಸ್ಪತ್ರೆಯಿಂದ ಬಂದ ರಾತ್ರಿ, ಮಗಳು ಮಲಗಿದ ಮೇಲೆ, ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡಿದ್ದ ನನ್ನ ಹೆಂಡತಿ ಇದ್ದಕ್ಕಿದ್ದಂತೆ ಹೇಳಿದಳು: “ಕುಣಿಗಲ್ಲಿನ ಮನೇಲಿ, ನಿಮ್ಮ ಪೇಪರಿಗೆ ತೊಂದರೆ ಆಗಬಾರದೂಂತ ಮಗೂನ ಎತ್ಕೊಂಡು ಹಿತ್ತಲ ಕಡೆ ಹೋಗಿ ಕೂತಿರ್ತಿದ್ದೆ. ಒಂದು ರಾತ್ರಿ ಅದನ್ನ ಹಿಡಿದು ಜೋರಾಗಿ ಅಲುಗಿಸಿಬಿಡಬೇಕು ಅನ್ನಿಸಿಬಿಡ್ತು. ನನಗೇ ಹೆದರಿಕೆಯಾಗಿ, ಮಗೂನ ಚಾಪೆ ಮೇಲೆ ಮಲಗಿಸಿ, ಅಳಲೀಂತ ಬಿಟ್ಟು, ಹೊರಗೆ ಮೆಟ್ಟಿಲ ಮೇಲೆ ಬಂದು ಕೂತ್ಕೊಂಡೆ. ನನ್ನಂಥ ಪಾಪಿ ತಾಯಿ ಇನ್ನೊಬ್ಬಳಿಲ್ಲ ಅಂದ್ಕೊಂಡೆ. ಇದನ್ನ ಯಾರಿಗೂ ಹೇಳಿಲ್ಲ.” ಮೂವತ್ತೈದು ವರ್ಷ ಜೊತೆಯಲ್ಲಿ ಉಂಡು ಮಲಗಿದ ನನಗೂ ಹೇಳಿರಲಿಲ್ಲ.

ಮುಂದಿನ ಭೇಟಿಯಲ್ಲಿ ನಾನು ಆ ಡಾಕ್ಟರನ್ನು, ಯಾರದೋ ಕಥೆಯೆಂಬಂತೆ, ಇದನ್ನು ಕುರಿತು ಕೇಳಿದೆ. ಅವರು ಹೇಳಿದ್ದಿಷ್ಟು: ಹಾಗೆ ಅನ್ನಿಸುವುದು ದಣಿವಿನಿಂದ, ದುಷ್ಟತನದಿಂದ ಅಲ್ಲ. ಹಸುಗೂಸಿನ ಕತ್ತು ನಿಂತಿರುವುದಿಲ್ಲ. ಜೋರಾಗಿ ಅಲುಗಿಸಿದರೆ ಮಿದುಳಿನಲ್ಲಿ ರಕ್ತ ಸುರಿದು ಕುರುಡೋ ಮರಣವೋ ಸಂಭವಿಸಬಹುದು. ಆದ್ದರಿಂದ ತಾಳ್ಮೆ ಮೀರಿದ ಗಳಿಗೆಯಲ್ಲಿ ಮಗುವನ್ನು ಅಪಾಯವಿಲ್ಲದ ಕಡೆ ಅಂಗಾತ ಮಲಗಿಸಿ, ಹೊರಗೆ ಬಂದು ಐದು ಹತ್ತು ನಿಮಿಷ ಉಸಿರು ಸುಧಾರಿಸಿಕೊಳ್ಳಬೇಕೆಂದು ಈಗ ಎಲ್ಲ ತಾಯಂದಿರಿಗೂ ತಾವು ಹೇಳಿಕೊಡುತ್ತೇವೆ. “ಆ ತಾಯಿ ಮಾಡಿದ್ದು ಅತ್ಯಂತ ಸರಿಯಾದ ಕೆಲಸ ಸರ್. ಅವರ ಜತೆಗೆ ಯಾರೂ ಇರಲಿಲ್ಲವೇ?” ನಾನು ಇದ್ದೆನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರು ಮಗುವನ್ನು ತಾಯಿಯ ಮಡಿಲಿಗೆ ತಲುಪಿಸಿಕೊಡುತ್ತಿದ್ದರು. ತಲುಪಿದ ಮೇಲಿನ ಮೂರು ತಿಂಗಳನ್ನು ಬಾಣಂತನವೆಂಬ ಏರ್ಪಾಡು ನೋಡಿಕೊಳ್ಳಬೇಕಿತ್ತು. ಆ ಏರ್ಪಾಡಿನ ತಿರುಳು ಪಥ್ಯವಲ್ಲ, ಸಾಂಬ್ರಾಣಿಯಲ್ಲ, ತೇಯ್ದು ಕೊಡುವ ಕೊಂಬುಗಳೂ ಅಲ್ಲ. ತಾಯಿಯ ಕೈಯಿಂದ ಮಗುವನ್ನು ಇಸಿದುಕೊಳ್ಳಲು ಮನೆಯಲ್ಲಿ ಇನ್ನೊಂದು ಜೊತೆ ಕೈಗಳಿರುವುದು. ‘ಬಾಣಂತಿಸನ್ನಿ’ ಎಂಬ ಮಾತನ್ನು ನಮ್ಮ ಹಿಂದಿನವರು ಸುಮ್ಮನೆ ಟಂಕಿಸಲಿಲ್ಲ. ಹೆತ್ತವಳ ಮನಸ್ಸು ಕದಡುವುದುಂಟೆಂದು ಅವರು ಕಂಡಿದ್ದರು. ಎರಡು ವಾರ ಮೀರಿಯೂ ಬಾಣಂತಿ ಮಂಕಾಗಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ, ಮಗುವಿನ ಮೇಲೆ ಆಸೆಯೇ ಇಲ್ಲವೆಂದರೆ, ಅವಳಿಗೂ ವೈದ್ಯರು ಬೇಕು. ಈಗ ಮನೆಗಳು ಚಿಕ್ಕವಾದವು. ಅಜ್ಜಿಯ ಮದ್ದುಗಳನ್ನು ಉಳಿಸಿಕೊಂಡೆವು, ಅಜ್ಜಿಯ ಕೈಗಳನ್ನು ಕಳೆದುಕೊಂಡೆವು. ಬಿಡಬೇಕಾದದ್ದನ್ನು ಹಿಡಿದೆವು, ಹಿಡಿಯಬೇಕಾದದ್ದನ್ನು ಬಿಟ್ಟೆವು.

ಆದ್ದರಿಂದ, ಹಸುಗೂಸಿರುವ ಮನೆಗೆ ನೀವು ಸಂಜೆ ಹೋದರೆ, ಒಳಗಿನಿಂದ ಅಳು ಕೇಳಿಬಂದರೆ, ಬಾಣಂತಿಯನ್ನು ‘ಏನು ತಿಂದೆ?’ ಎಂದು ದಯವಿಟ್ಟು ಕೇಳಬೇಡಿ. ‘ಉಂಡೆಯಾ? ಮಲಗಿದೆಯಾ?’ ಎಂದು ಕೇಳಿ. ಕೈ ತೊಳೆದುಕೊಂಡು ಮಗುವನ್ನು ತೆಗೆದುಕೊಳ್ಳಿ. ಅದು ನಿಮ್ಮ ಹೆಗಲ ಮೇಲೂ ಅತ್ತೀತು, ಅಳಲಿ. ಗಂಡಸರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಹಾಲೂಡಿಸುವುದೊಂದು ಹೊರತು ಈ ಕೆಲಸದಲ್ಲಿ ನಮಗೆ ಬಾರದಿರುವುದು ಯಾವುದೂ ಇಲ್ಲ.

ಡಾಕ್ಟರು ಹೇಳಿದ್ದನ್ನು ನಾನು ಮನೆಗೆ ಬಂದು ಹೆಂಡತಿಗೆ ತಿಳಿಸಿದೆ. ಅವಳು ಮಾಡಿದ್ದೇ ಸರಿಯೆಂದು ಈಗಿನ ಶಾಸ್ತ್ರವೂ ಹೇಳುತ್ತದೆಂದೆ. ಅವಳು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು, “ಇದನ್ನ ಆವತ್ತೇ ಯಾರಾದ್ರೂ ಹೇಳಿದ್ದಿದ್ರೆ...” ಎಂದಷ್ಟೇ ಹೇಳಿ, ಅಳುತ್ತಿದ್ದ ಮೊಮ್ಮಗಳನ್ನು ತೊಟ್ಟಿಲಿನಿಂದ ಎತ್ತಿ ನನ್ನ ಹೆಗಲಿಗೆ ಹಾಕಿದಳು. ನಾನು ವರಾಂಡದಲ್ಲಿ ನಡೆಯತೊಡಗಿದೆ. ಅಳು ಹದಿಮೂರನೆಯ ವಾರಕ್ಕೆ ತನಗೆ ತಾನೇ ನಿಂತಿತು. ಅದಕ್ಕೆ ಎರಡು ದಿನ ಮೊದಲು ಎದುರುಮನೆಯವರು ತಂದುಕೊಟ್ಟ ಒಂದು ತಾಯಿತವನ್ನು ಮೀರಲಾರದೆ ತೊಟ್ಟಿಲಿಗೆ ಕಟ್ಟಿದ್ದೆವು. ತಾಯಿತದಿಂದಲೇ ವಾಸಿಯಾಯಿತೆಂದು ಅವರು ಇಂದಿಗೂ ಹೇಳು​ತ್ತಾರೆ.